ಹೆಗಲು ಬಿಟ್ಟ ಮೇಲೆ

ಹೆಂಡತಿ ತೀರಿಕೊಂಡ ಮೇಲೆ ನನ್ನ ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳದಾಯಿತು. ನಾನು ಇಳಕಲ್ಲಿನ ನೇಕಾರ. ನಮ್ಮದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂರಬೇಕು. ಬಲಗೈ ಹಗ್ಗ ಜಗ್ಗಿದರೆ ಮಾತ್ರ ಅಡ್ಡನೂಲಿನ ಲಾಳಿ ಓಡುತ್ತದೆ.

ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇತ್ತು. ಒಡಲಿನ ನೂಲಿಗೆ ಸೆರಗಿನ ರೇಷ್ಮೆಯನ್ನು ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುವುದು ನಮ್ಮೂರಿನ ಪದ್ಧತಿ. ಆ ಸೀರೆಗೆ ಕೂಡಿಸಿದವಳು ಅವಳೇ. ಅವಳು ಹೋದ ಮೇಲೆ ನಾನು ಬೆಳಿಗ್ಗೆ ಕುಣಿಗೆ ಇಳಿದರೆ ಬೆಳಕು ಹೋಗುವ ತನಕ ಅಲ್ಲೇ ಇರುತ್ತಿದ್ದೆ. ನೇಯುತ್ತಿರಲಿಲ್ಲ. ಹಗ್ಗ ಹಿಡಿದುಕೊಂಡು ಕೂರುತ್ತಿದ್ದೆ, ಅಷ್ಟೆ.

"ನಮ್ಮ ಮನಿಯವ್ರು ಕೂತು ಮುಗಸ್ತಾರ, ಬಿಡೋ ಅಣ್ಣಾ," ಎಂದಳು ತಂಗಿ.

"ಯಾರೂ ಮುಟ್ಟಬ್ಯಾಡ್ರಿ," ಎಂದೆ.

ಮೊದಲು ತಂಗಿಯ ಗಂಡನೇ ಬಿಸಿ ಎಣ್ಣೆ ಹಚ್ಚಿ ತಿಕ್ಕಿದ. ಜೋರಾಗಿ ತಿಕ್ಕಿದಷ್ಟೂ ಹೆಗಲು ಬಿಡುತ್ತದೆ ಎಂಬುದು ನಮ್ಮ ಓಣಿಯ ನಂಬಿಕೆ. ಮರುದಿನ ಇನ್ನಷ್ಟು ಬಿಗಿಯಾಯಿತು. ಆಗ ತಂಗಿ ನನ್ನನ್ನು ಬಾಗಲಕೋಟೆಯ ಒಂದು ದವಾಖಾನೆಗೆ ಕರೆದುಕೊಂಡು ಹೋದಳು. ಎಲುಬು ಸರಿಯಿದೆ ಎಂದ ಡಾಕ್ಟರು, ಅಲ್ಲೇ ಫಿಸಿಯೋಥೆರಪಿ ಮಾಡುವ ಹುಡುಗಿಯ ಹತ್ತಿರ ಕಳಿಸಿದರು.

ಆಕೆ ಎಣ್ಣೆ ಮುಟ್ಟಲಿಲ್ಲ. ನನ್ನನ್ನು ಮಲಗಿಸಿ, ಬೆನ್ನಿನ ರೆಕ್ಕೆಯ ಎಲುಬಿನ ಪಕ್ಕ ಅಂಗೈ ಒತ್ತಿ ಹಿಡಿದು ಸುಮ್ಮನೆ ನಿಂತಳು.

"ಏನವ್ವಾ, ಕೈ ಇಟ್ಟಕೊಂಡು ನಿದ್ದಿ ಹೊಡಿಲಿಕತ್ತಿ ಏನು?" ಎಂದಳು ತಂಗಿ.

ಹುಡುಗಿ ನಕ್ಕಳು. "ಸ್ನಾಯುದ ಸುತ್ತ ತೆಳ್ಳನ ಪೊರಿ ಇರ್ತದ್ರಿ ಅಕ್ಕಾರ. ಭಾಳ ದಿನ ಒಂದ ನಮೂನಿ ಕೂತ್ರ ಅದು ಬಿಗೀತದ. ತಿಕ್ಕಾಡಿದ್ರ ಹಟಾ ಹಿಡೀತದ. ಒತ್ತಿ ಹಿಡದು ಕಾಯಬೇಕು, ತಾನ ಸಡಲ ಬಿಡತದ."

ಗಂಜಿ ಹಾಕಿದ ಹಾಸು, ಅಂದರೆ ಮಗ್ಗದ ಉದ್ದನೂಲು, ಒಣಗುವಾಗ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುವುದು ನೆನಪಾಯಿತು. ಹುಡುಗಿಯ ಕೈ ಅಲ್ಲೇ ಇತ್ತು. ಹೆಂಡತಿಯನ್ನು ಮಣ್ಣು ಮಾಡಿ ಬಂದ ಮೇಲೆ, ತಿಕ್ಕಿದ್ದು ಬಿಟ್ಟರೆ, ಯಾರೂ ನನ್ನನ್ನು ಹಾಗೆ ಮುಟ್ಟಿರಲಿಲ್ಲ. ಒಳಗೆ ಏನೋ ನಿಧಾನಕ್ಕೆ ಜರುಗಿದಂತಾಯಿತು. ದೊಡ್ಡ ಉಸಿರು ಬಂತು.

"ಕಾಕಾ, ಮಗ್ಗದಿಂದ ಎಷ್ಟೊತ್ತಿಗೊಮ್ಮಿ ಏಳ್ತೀರಿ?"



"ಏಳೂದ ಇಲ್ಲವ್ವಾ ಇಂವ," ತಂಗಿ ಹೇಳಿದಳು. "ಕುಣಿಯೊಳಗ ಬೇರು ಬಿಟ್ಟಾನ."

ಮೊದಲು ನಾನಾಗಿ ಎದ್ದದ್ದೇ ಇಲ್ಲ. "ಏಳ್ರಿ, ಚಾ ಆರ್ತದ," ಎಂದು ಒಲೆಯ ಹತ್ತಿರದಿಂದ ಹೆಂಡತಿ ಕೂಗುತ್ತಿದ್ದಳು, ನಾನು ಬೈದುಕೊಳ್ಳುತ್ತ ಏಳುತ್ತಿದ್ದೆ.

ಆಮೇಲೂ ಹಲವು ಸಲ ಬಸ್ಸು ಹತ್ತಿ ಹೋದೆ. ಮೊದಲು ಬಲ ಮಗ್ಗುಲಾಗಿ ಮಲಗಲು ಬಂತು. ಆಮೇಲೆ ತಲೆ ಬಾಚಲು ಬಂತು. ಒಂದು ದಿನ ಗೂಟದ ಮೇಲಿನ ಅಂಗಿಯನ್ನು ಯೋಚಿಸದೆ ತೆಗೆದುಕೊಂಡೆ. ತಂಗಿ ಕುಣಿದಾಡುವಷ್ಟು ಹಿಗ್ಗಿದಳು. ನನಗೆ ಹೆದರಿಕೆಯಾಯಿತು. ಕೈ ಏಳದಿರುವ ತನಕ ಹೆಂಡತಿ ಕೂಡಿಸಿದ ಆ ಸೀರೆ ಹಾಗೇ ಇರಬಹುದಿತ್ತು. ಇನ್ನು ಹೇಳಲು ನೆಪವಿರಲಿಲ್ಲ.

ಈಗ ನೇಯುತ್ತಿದ್ದೇನೆ. ನಡುನಡುವೆ ಎದ್ದು ನಾನೇ ಚಹಾ ಮಾಡಿಕೊಳ್ಳುತ್ತೇನೆ, ಸಕ್ಕರೆ ಹೆಚ್ಚಾಗುತ್ತದೆ. ಸೀರೆ ಇನ್ನು ಒಂದು ಗೇಣು ಉಳಿದಿದೆ. ನಿನ್ನೆ ಕುಣಿಗೆ ಇಳಿದು, ಹೆಗಲು ನೋಯುತ್ತದೇನೋ ಎಂದು ತುಸು ಹೊತ್ತು ಕಾದೆ. ನೋಯಲಿಲ್ಲ. ಹಗ್ಗ ಜಗ್ಗಿದೆ.