ನಾಗಪತಿಯ ಪೊಟ್ಟಣದ ಮೇಲಿನ ನಂಬರು

ಯಲ್ಲಾಪುರದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಗಂಟೆ ಹೊಡೆಯುವ ನಾಗಪತಿಗೆ ದೇವರು ಮೂರು ಜನರ ಪಾಲಿನ ಮೂಗು ಕೊಟ್ಟಿದ್ದ. ಘಟ್ಟದ ಕೆಳಗೆ ಅಂಕೋಲೆಯಲ್ಲಿ ಯಾರಾದರೂ ಬಂಗಡೆ ಹುರಿದರೆ ಇಲ್ಲಿ ಕುಳಿತು ಖಾರ ಹೆಚ್ಚಾಯಿತು ಎನ್ನುತ್ತಿದ್ದ. ನಂದೊಳ್ಳಿಯ ಮನೆಯಲ್ಲಿ ಹೆಂಡತಿ ಒಗ್ಗರಣೆಗೆ ಸೌಟು ಇಡುವ ಮೊದಲೇ ಕಾಲೇಜಿನ ಜಗುಲಿಯಲ್ಲಿ ಇವನು ಸೀನುತ್ತಿದ್ದ. ಮೂವತ್ತಾರು ವರ್ಷ ತಂಬಾಕು ಹಾಕಿದ ಕವಳ ಜಗಿದೂ ಆ ಮೂಗು ಹೇಗೆ ಉಳಿಯಿತೆಂಬುದು ವೈದ್ಯರೇ ಕೂತು ಯೋಚಿಸಬೇಕಾದ ಸಂಗತಿ.

ಇಂಥ ಮೂಗಿಗೆ ಈ ಜನವರಿಯಲ್ಲಿ ಹುಡುಗಿಯರ ಶೌಚಾಲಯದ ಕಡೆಯಿಂದ ಮಾವಿನ ಹಣ್ಣಿನ ವಾಸನೆ ಬಂತು. ಊರಿನ ಮಾವಿನ ಮರಗಳು ಹೂ ಬಿಡೋಣವೋ ಬೇಡವೋ ಎಂದು ಇನ್ನೂ ಚರ್ಚೆಯಲ್ಲಿದ್ದವು. ಯಾವ ತಿಂಗಳಿಗೆ ಯಾವ ಹಣ್ಣು ಎಂದು ತಿಳಿಯದವನಿಗೆ ಈ ತಾಲೂಕಿನಲ್ಲಿ ಹೆಣ್ಣು ಕೊಡುವುದಿಲ್ಲ. ಯಾರೋ ಎಲ್ಲಿಂದಲೋ ಹಣ್ಣು ತಂದು ಹುಲ್ಲಿನಲ್ಲಿ ಮುಚ್ಚಿಟ್ಟಿದ್ದಾರೆಂದು ನಾಗಪತಿ ತೀರ್ಮಾನಿಸಿದ. ಮಾಡು ಹತ್ತಿದ, ಹೆಂಚು ಸರಿಸಿದ, ಪ್ರಯೋಗಾಲಯದ ಅಸ್ಥಿಪಂಜರದ ಹಿಂದೆಯೂ ಹುಡುಕಿದ. ಕೊನೆಗೆ ಪ್ರಾಚಾರ್ಯ ಪರಮೇಶ್ವರಪ್ಪನವರಿಗೆ ವರದಿ ಒಪ್ಪಿಸಿದ. ಅವರು ಕನ್ನಡಕ ತೆಗೆದು, ಆಪೂಸೋ ಊರಿನದೋ ಎಂದು ಕೇಳಿದರು.

ಮರುದಿನ ಅಲ್ಲೇ ಪುದೀನ. ಅದರ ಮರುದಿನ ಕಲ್ಲಂಗಡಿ. ತನ್ನ ಮೂಗಿಗೆ ಅರಳುಮರಳು ಹಿಡಿಯಿತೆಂದು ನಾಗಪತಿ ಊಟ ಬಿಟ್ಟ. ನಾಲ್ಕನೆಯ ದಿನ ದ್ವಿತೀಯ ವಿಜ್ಞಾನದ ತನುಜಾ ಅವನ ಎದುರೇ ಕರವಸ್ತ್ರ ಎಳೆದಾಗ ಕಿಸೆಯಿಂದ ಬಣ್ಣದ ಪೆನ್ನಿನಂಥದ್ದೊಂದು ಕೆಳಗೆ ಬಿತ್ತು. ಎತ್ತಿ ಮೂಸಿದ. ಮಾವಿನ ಹಣ್ಣು.

"ಎಂತ ತಂಗಿ ಇದು?"

"ವೇಪ್, ನಾಗಪತಣ್ಣ, ಬ್ಯಾಟರಿ ಸಿಗರೇಟು. ಬರೀ ಹಣ್ಣಿನ ಆವಿ, ಎಂತೂ ಇಲ್ಲೆ ಅದ್ರಲ್ಲಿ" ಎನ್ನುತ್ತ ತನುಜಾ ಅಳತೊಡಗಿದಳು.

"ಆವಿ ಆದ್ರೆ ಅಳೂದು ಎಂತಕ್ಕೆ?"

"ಬಿಡೂಕೆ ಆಗ್ತಿಲ್ಲೆ."

ಪುದೀನ, ಕಲ್ಲಂಗಡಿ ವಾಸನೆಯವೂ ಅವಳ ಚೀಲದಲ್ಲಿದ್ದವು. ಹುಬ್ಬಳ್ಳಿಯ ಮದುವೆಯೊಂದರಲ್ಲಿ ಗೆಳತಿ ಸೇದಿಸಿದ್ದಳಂತೆ. ಈಗ ಒಂದು ಪಿರಿಯಡ್ ಪೂರ್ತಿ ಕೂರಲು ಆಗುವುದಿಲ್ಲ. ಎರಡು ಸಲ ಬಿಟ್ಟು ನೋಡಿದಾಗ ತಲೆ ಸಿಡಿದು, ತಾಯಿಯ ಮೇಲೆ ಹರಿಹಾಯ್ದಿದ್ದಳು. ಲಾರಿ ಓಡಿಸುವ ಅಪ್ಪ ಮೊದಲೇ ಹೇಳಿದ್ದ: ಕಾಲೇಜಿನಿಂದ ಒಂದು ದೂರು ಬಂದರೆ ಓದು ಅಲ್ಲಿಗೇ ಮುಗಿಯಿತು.

ನಾಗಪತಿಗೆ ದಿಕ್ಕು ತೋಚಲಿಲ್ಲ. ಹೇಳಿದರೆ ಹುಡುಗಿಯ ಓದು ಹೋಗುತ್ತದೆ. ಹೇಳದಿದ್ದರೆ ಈ ಚಟ ಹೋಗುವುದಿಲ್ಲ. ದಿಕ್ಕು ತೋಚದಾಗ ಅವನು ಮಾಡುವುದು ಒಂದೇ ಕೆಲಸ. ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ತಂಬಾಕಿನ ಪೊಟ್ಟಣ ಬಿಚ್ಚಿದ. ತನುಜಾ ಕಣ್ಣೊರೆಸಿಕೊಂಡು ಪೊಟ್ಟಣವನ್ನೇ ನೋಡಿದಳು. ಬಿಡಬೇಕೆಂದವರು ಕರೆ ಮಾಡಲು ಅದರ ಮೇಲೊಂದು ಉಚಿತ ನಂಬರು ಅಚ್ಚಾಗಿತ್ತು. ತಂಬಾಕು ಸಪ್ಪೆಯಾದರೆ ಕಂಪನಿಗೆ ದೂರು ಹೇಳುವ ನಂಬರು ಅದೆಂದು ನಾಗಪತಿ ಇಷ್ಟು ವರ್ಷ ತಿಳಿದಿದ್ದ. ಹುಡುಗಿಯ ಪೆನ್ನಿನ ಮೇಲೆ ಅಂಥದ್ದೇನೂ ಇರಲಿಲ್ಲ. ದೇಶದಲ್ಲೇ ನಿಷೇಧವಾದ ಮಾಲು. ಕದ್ದು ಮಾರುವವನು ಬಿಡುವ ದಾರಿ ಯಾಕೆ ಅಚ್ಚು ಹಾಕಿಸುತ್ತಾನೆ?

ಹುಡುಗಿಯ ಹೆಸರು ಬಾರದಿರಲೆಂದು, ಅವಳನ್ನು ಪಕ್ಕದಲ್ಲಿಟ್ಟುಕೊಂಡು ಗಂಟೆಯ ಕೆಳಗೆ ನಿಂತು, ನಾಗಪತಿಯೇ ತನ್ನ ಮೊಬೈಲಿನ ಸ್ಪೀಕರ್ ಹಾಕಿ ಆ ನಂಬರಿಗೆ ಮಾತಾಡಿದ. ಆ ಕಡೆ ಸೌಮ್ಯ ಎಂಬ ಸಲಹೆಗಾರ್ತಿ. ಯಾವ ವಯಸ್ಸಿಗೆ ಶುರು ಮಾಡಿದಿರಿ ಎಂದು ಅವರು ಕೇಳಿದರು. ತನುಜಾ ಬೆರಳಲ್ಲಿ ತೋರಿಸಿದಳು, ಹದಿನಾರು ಎಂದ. ಅವನದೂ ಹದಿನಾರೇ ಆಗಿತ್ತು. ಈಗೆಷ್ಟು ವಯಸ್ಸು? ಹದಿನೇಳು ಎಂದು, ನಾಲಿಗೆ ಕಚ್ಚಿ, ಐವತ್ತೆರಡು ಎಂದ. ಏನು ಬಳಸುತ್ತೀರಿ ಎಂದರೆ ಮಾವಿನ ಹಣ್ಣು ಎಂದ. ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಬೇಕಾಗುತ್ತದೆ ಎಂಬ ಪ್ರಶ್ನೆಗೆ ಮಾತ್ರ ಬೆರಳು ನೋಡದೆ ತನ್ನದನ್ನೇ ಹೇಳಿಬಿಟ್ಟ: ಮುಖ ತೊಳೆಯುವ ಮೊದಲೇ.

"ಅಲ್ಲಿ ಇಬ್ಬರಿದ್ದೀರಾ, ಸರ್?" ಎಂದರು ಸೌಮ್ಯ.

ತನುಜಾ ಫೋನು ಇಸಿದುಕೊಂಡಳು. ಬೈಗುಳಕ್ಕೆ ಕಾದಳು, ಬೈಗುಳ ಬರಲೇ ಇಲ್ಲ. ಅದು ಅವಳನ್ನು ಇನ್ನಷ್ಟು ಗಲಿಬಿಲಿಗೊಳಿಸಿತು. ಆವಿಯಲ್ಲಿರುವುದು ಬರೀ ನೀರಲ್ಲ, ಪೊಟ್ಟಣದಲ್ಲಿರುವ ನಿಕೋಟಿನ್ನೇ ಎಂದರು ಸೌಮ್ಯ. ಬಿಡಲಾಗದಿರುವುದು ಅವಳ ಕೆಟ್ಟತನವಲ್ಲ. ಆಸೆ ಎದ್ದರೆ ಕೆಲವೇ ನಿಮಿಷ, ಅಷ್ಟು ಹೊತ್ತು ನೀರು ಕುಡಿ, ನಡೆದಾಡು, ಕೈಗೊಂದು ಕೆಲಸ ಕೊಡು. ಬಿಡುವ ದಿನ ಗೊತ್ತುಮಾಡು. ಮನೆಯಲ್ಲಿ ಒಬ್ಬರಿಗಾದರೂ ಹೇಳು, ಹೇಗೆ ಹೇಳುವುದೆಂದು ನಾನು ಕಲಿಸುತ್ತೇನೆ. ಸೋಮವಾರವೆಂದು ನಿಶ್ಚಯವಾಯಿತು. ಈ ಹಣ್ಣಿನ ಪೆನ್ನೂ ತನ್ನ ತಂಬಾಕೂ ಒಂದೇ ಮನೆತನದವು ಎಂಬುದು ಮಾತ್ರ ನಾಗಪತಿಯ ತಲೆಗೆ ಇಳಿಯಲು ಎರಡು ದಿನ ಹಿಡಿಯಿತು. ಆ ಎರಡು ದಿನ ಗಂಟೆಗಳೆಲ್ಲ ತಪ್ಪಿದವು. ಗಣಿತದ ಪಿರಿಯಡ್ ಹನ್ನೆರಡೇ ನಿಮಿಷಕ್ಕೆ ಮುಗಿದು ಮಕ್ಕಳು ಅವನನ್ನು ಹರಸಿದರು.

ತನುಜಾ ತಾಯಿಗೆ ಹೇಳಿದಳು. ತಾಯಿ ಮರುದಿನ ಡಬ್ಬಿಗೆ ಒಣಗಿಸಿದ ನೆಲ್ಲಿಚೆಟ್ಟು ಹಾಕಿ, ಆಸೆ ಎದ್ದರೆ ಇದನ್ನು ಜಗಿ ಎಂದಳು. ಅಪ್ಪನಿಗೆ ತಾನೇ ಹೇಳುತ್ತೇನೆ ಎಂದ ತಾಯಿ ಒಳ್ಳೆಯ ಗಳಿಗೆ ಇನ್ನೂ ಹುಡುಕುತ್ತಿದ್ದಾಳೆ. ಐದನೆಯ ದಿನ ಹುಡುಗಿ ಮತ್ತೆ ಸೇದಿ ಜಾರಿದಳು. ಜಾರಿದ್ದು ಸೋತದ್ದಲ್ಲ, ಮತ್ತೆ ಎಣಿಸು ಎಂದರು ಸೌಮ್ಯ.

ಮೊನ್ನೆ ವಿಚಾರಿಸಲು ಸೌಮ್ಯ ಅವರ ಕರೆ ಬಂದದ್ದು ನಾಗಪತಿಯ ಮೊಬೈಲಿಗೆ. ತನುಜಾಳನ್ನು ಕರೆದು ಕೊಟ್ಟ. ಹನ್ನೊಂದು ದಿನ ಎಂದಳು ಅವಳು. ತಾನೇ ನಂಬಲಾಗದೆ ಮತ್ತೊಮ್ಮೆ ಬೆರಳಲ್ಲಿ ಎಣಿಸಿದಳು. ಆಮೇಲೆ ಫೋನು ಅವನತ್ತ ಚಾಚಿದಳು.

"ನಿಮ್ಮದು ಎಷ್ಟು ದಿನ ಅಂತ ಕೇಳ್ತಿದ್ರು, ನಾಗಪತಣ್ಣ."

ಅವನು ಗಡಿಯಾರ ನೋಡಿದ, ಹುಡುಗಿಯ ಮುಖ ನೋಡಿದ.

"ದಿನ ಅಲ್ಲ ಮೇಡಂ, ಮೂರು ತಾಸು" ಎಂದ. "ಬರ್ಕಳಿ."