ಚಿಕ್ಕಪ್ಪನ ಚಿತ್ರಗಳ ಹಿಂಬದಿ

ನಾಗಮಂಗಲದಲ್ಲಿ ಎಂಟು ಗಂಟೆಯ ಬಸ್ಸು ಹತ್ತಿದೆವು. ಹೆಂಗಸೆಂದು ನನಗೆ ಉಚಿತ ಟಿಕೆಟ್ಟು, ಅಪ್ಪನಿಗೆ ಮಾತ್ರ ದುಡ್ಡಿನದು. ಶ್ರೀರಂಗಪಟ್ಟಣಕ್ಕೆ ಐವತ್ತು ಕಿಲೋಮೀಟರಿಗಿಂತ ತುಸು ಹೆಚ್ಚು. ಅಲ್ಲಿ ಕೋಟೆಯೊಳಗಿನ ಹಳೆಯ ಮನೆಯೊಂದನ್ನು ಗ್ಯಾಲರಿ ಮಾಡಿದ್ದಾರೆ. ನನ್ನ ಚಿಕ್ಕಪ್ಪನ ಚಿತ್ರಗಳ ಪ್ರದರ್ಶನ ಅಲ್ಲಿ ನಡೆಯುತ್ತಿತ್ತು.

ನಮ್ಮದು ಮರಗೆಲಸದ ಮನೆ. ತಮ್ಮನ ಕೈಗೆ ಉಳಿ ಕೊಟ್ಟು ಕಲಿಸಿದವರು ಅಪ್ಪನೇ. ಇಪ್ಪತ್ತೆರಡು ವರ್ಷದ ಹಿಂದೆ ಚಿಕ್ಕಪ್ಪ ಒಪ್ಪಿಕೊಂಡಿದ್ದ ಬಾಗಿಲಿನ ಕೆಲಸ ಅರ್ಧಕ್ಕೆ ಬಿಟ್ಟು ಬಣ್ಣ ಹಚ್ಚುತ್ತ ಕೂತಾಗ, "ಈ ಮನೇಲಿರೋದಾದ್ರೆ ಉಳಿ ಹಿಡಿ, ಇಲ್ದಿದ್ರೆ ಓಗು" ಎಂದಿದ್ದರು ಅಪ್ಪ. ಚಿಕ್ಕಪ್ಪ ಹೋದರು. ಬರೋಡದಲ್ಲಿದ್ದಾರಂತೆ ಎನ್ನುವುದಷ್ಟೇ ನಮಗೆ ಗೊತ್ತಿದ್ದದ್ದು.

ಪೇಪರಿನಲ್ಲಿ ಸುದ್ದಿ ನೋಡಿ, ಪ್ರದರ್ಶನ ಶುರುವಾದ ದಿನವೇ ಹೋಗೋಣ ಎಂದಿದ್ದೆ. ಅಪ್ಪ ಮೊಣಕಾಲು ನೋವೆಂದರು. ಮಾರನೆಯ ದಿನ ಹಲಸಿನ ಹಲಗೆ ಬರುತ್ತವೆ ಎಂದರು. ಮೂರನೆಯ ಬೆಳಗ್ಗೆ ತಾವೇ ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದರು.

ಪಾಂಡವಪುರದಲ್ಲಿ ಬಸ್ಸು ಬದಲಿಸಬೇಕಾಯಿತು. ನಿಲ್ದಾಣದೆದುರು ಇಡ್ಲಿ ತಿಂದೆವು. ಚಟ್ನಿ ಬಹಳ ಖಾರ. "ಅವ್ನು ಖಾರ ತಿಂತಿರ್ನಿಲ್ಲ" ಎಂದರು ಅಪ್ಪ. ಇಷ್ಟು ವರ್ಷಗಳಲ್ಲಿ ತಮ್ಮನ ಮಾತೆತ್ತಿದ್ದು ಅದೇ ಮೊದಲು.

ಗ್ಯಾಲರಿಯಲ್ಲಿ ಮೂರು ಕೋಣೆ, ಹದಿನಾಲ್ಕು ಚಿತ್ರ. ಮನುಷ್ಯರಿಲ್ಲ, ಗಿಡಮರವಿಲ್ಲ. ಕಂದು, ಬೂದಿ, ಅರಿಸಿನ ಬಣ್ಣದ ಪಟ್ಟೆಗಳು ಒಂದರೊಳಗೊಂದು ಹೊಕ್ಕಿದ್ದವು. ಅಪ್ಪ ಪ್ರತಿಯೊಂದರ ಮುಂದೂ ನಿಂತರು. "ಏನೂ ಗೊತ್ತಾಗಾಕಿಲ್ಲ ಕಣವ್ವ" ಎಂದರು. ಬಾಗಿಲ ಬಳಿ ಕೂತಿದ್ದ ಮೇಲ್ವಿಚಾರಕಿಯನ್ನು ಕೇಳಿದರು, "ಚಿತ್ರ ಬರ್ದೋರು ಇಲ್ವಾ?"

"ನೆನ್ನೆ ಸಂಜೆ ಹೊಂಟೋದ್ರು ಯಜಮಾನ್ರೇ. ಎರಡು ದಿನಾನೂ ಇಲ್ಲೇ ಬಾಗ್ಲತಾವ ಕುಂತಿದ್ರು."

"ಯಾರಿಗಾದ್ರೂ ಕಾಯ್ತಿದ್ರಾ?"

"ಏಳ್ನಿಲ್ಲ."

ಇವರು ಅವರ ಅಣ್ಣ ಎಂದೆ. ಆಕೆ ಎದ್ದು ನಿಂತರು. ಅಪ್ಪ ಒಂದು ಸಣ್ಣ ಚಿತ್ರ ತೋರಿಸಿ, "ಇದನ್ನ ವಸಿ ತಿರುಗಿಸ್ತೀರಾ? ಇಂದ್ಗಡೆ ನೋಡ್ಬೇಕು" ಎಂದರು.

ಆಕೆ ಮೆಲ್ಲಗೆ ಇಳಿಸಿ ತಿರುಗಿಸಿದರು. ಕ್ಯಾನ್ವಾಸು ಬಿಗಿದ ಚೌಕಟ್ಟಿಗೆ ಒಂದು ಮೊಳೆಯೂ ಇರಲಿಲ್ಲ. ಮೂಲೆಗಳನ್ನು ಕಚ್ಚು ಕೊರೆದು ಕೂರಿಸಿ ಮರದ ಗೂಟ ಬಡಿದಿತ್ತು, ನಮ್ಮ ಮನೆಯಲ್ಲಿ ಬಾಗಿಲಿಗೆ ಮಾಡುವ ಹಾಗೆಯೇ. "ಚೌಕಟ್ಟೆಲ್ಲ ಅವ್ರೇ ಮಾಡ್ಕೊಳ್ಳೋದಂತೆ" ಎಂದರು ಆಕೆ. ಅಪ್ಪ ಸಂದಿನ ಮೇಲೆ ಹೆಬ್ಬೆರಳ ಉಗುರು ಎಳೆದರು. ಉಗುರು ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ.

"ಉಳಿ ಬುಟ್ಟಿಲ್ಲ ಕಣವ್ವ ಅವ್ನು" ಎಂದು ಆ ಮೂಲೆಯನ್ನು ಹಿಡಿದೇ ಬಹಳ ಹೊತ್ತು ನಿಂತರು.

ಹೊರಡುವಾಗ ಆಕೆ ಚಿಕ್ಕಪ್ಪನ ಫೋನ್ ನಂಬರು ಕೊಡಲು ಬಂದರು. "ಬ್ಯಾಡ. ಏನಂತ ಮಾತಾಡ್ಲಿ?" ಎಂದು ಅಪ್ಪ ಮೆಟ್ಟಿಲಿಳಿದರು. ನಾನು ಸುಮ್ಮನೆ ಬರೆದುಕೊಂಡೆ.

ಮಧ್ಯಾಹ್ನದ ಬಸ್ಸಿನಲ್ಲಿ ಜನ ಕಡಿಮೆಯಿದ್ದರು. ಪಾಂಡವಪುರದಲ್ಲಿ ಮತ್ತೆ ಬಸ್ಸು ಬದಲಿಸಿದೆವು. ಜಕ್ಕನಹಳ್ಳಿ ಕಳೆದ ಮೇಲೆ ಅಪ್ಪ ಕೇಳಿದರು, "ಆ ನಂಬ್ರ ಈಸ್ಕಂಡ್ಯಾ?"

"ಈಸ್ಕೊಂಡೆ ಅಪ್ಪಯ್ಯ."

"ಮಾಡ್ಕೊಡು."

ನಾಲ್ಕು ಸಲ ರಿಂಗಾಯಿತು. ಯಾರು, ಯಾರು ಎಂದು ಆ ಕಡೆಯ ದನಿ ಕೇಳುತ್ತಿದ್ದುದು ನನಗೂ ಕೇಳಿಸಿತು.

"ನಾನು ಕಣ್ಲಾ" ಎಂದರು ಅಪ್ಪ.

ಅಪ್ಪ ಫೋನನ್ನು ಕಿವಿಗೊತ್ತಿಕೊಂಡು, ನಾವು ಬಿಟ್ಟು ಬಂದ ರಸ್ತೆಯ ಕಡೆಗೆ ತಿರುಗಿ ಕೂತರು.