ಬಾಗಿಲಿಲ್ಲದ ಸಭೆಯ ಬಾಗಿಲಕ್ಕ

2020ರ ಏಪ್ರಿಲ್, ಈಸ್ಟರ್ ಹಿಂದಿನ ಗರಿಗಳ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಹಾಜರಿದ್ದವರು: ಸಭಾಪಾಲಕರಾದ ಅಯ್ಯನವರು, ಕಾರ್ಯದರ್ಶಿಯಾದ ನಾನು, ಇಪ್ಪತ್ತಕ್ಕೂ ಹೆಚ್ಚು ಮನೆಯವರು, ಮತ್ತು ಒಂದು ಕಿವಿ.

ಕಿವಿ ಎಂದರೆ ಬರೀ ಕಿವಿಯೇ. ನಮ್ಮ ಸಭೆಯ ಮೊದಲ ಆನ್‌ಲೈನ್ ಆರಾಧನೆ ಅದು. ಪರದೆಯ ಚೌಕಗಳಲ್ಲಿ ಎಲ್ಲರೂ ತಲೆ ಬಾಚಿಕೊಂಡು, ಇಸ್ತ್ರಿ ಬಟ್ಟೆ ಹಾಕಿಕೊಂಡು ಕುಳಿತಿದ್ದರು. ಒಂದು ಚೌಕದ ತುಂಬ ಮಾತ್ರ ಎಡಗಿವಿಯೊಂದು ಕಾಣುತ್ತಿತ್ತು: ಓಲೆಯ ಭಾರಕ್ಕೆ ಜಗ್ಗಿದ ಹಾಲೆ, ಕೆಂಪು ಹರಳಿನ ಓಲೆ, ಹಿಂದಕ್ಕೆ ಸಿಕ್ಕಿಸಿದ ಬಿಳಿಗೂದಲು, ಒಳಗೊಂದು ಚೂರು ಹತ್ತಿ. ವಿಡಿಯೋ ಆದರೇನು, ಫೋನು ಫೋನೇ, ಅದನ್ನು ಕಿವಿಗೇ ಹಿಡಿಯಬೇಕು ಎಂದು ನಂಬಿದ್ದವರು ನಮ್ಮಲ್ಲಿ ಒಬ್ಬರೇ ಇದ್ದರು. ಆರಾಧನೆಯುದ್ದಕ್ಕೂ ನಾವೆಲ್ಲ ಬಾಗಿಲಕ್ಕನ ಕಿವಿ ನೋಡುತ್ತ ದೇವರನ್ನು ಸ್ತುತಿಸಿದೆವು.

"ಅಕ್ಕಾ, ಫೋನ್ ಮುಖದ ಮುಂದೆ ಹಿಡ್ಕೊಳ್ಳಿ," ಎಂದೆ.

"ಮುಂದ ಹಿಡದ್ರ ಕೇಳೂದ ಹೆಂಗ್ರಿ, ಸೆಕ್ರೆಟರಿ ಬಾಯಾರ?"

ಬಾಗಿಲಕ್ಕ ಎಂಬ ಹೆಸರು ಬಂದದ್ದು ಕೆಲಸದಿಂದ. ಮೇರಿಲ್ಯಾಂಡಿನ ಎಲಿಕಾಟ್ ಸಿಟಿಯಲ್ಲಿ ಅಮೆರಿಕದವರ ಚರ್ಚೊಂದರ ನೆಲಮಾಳಿಗೆಯ ಹಾಲ್ ಅನ್ನು ನಮ್ಮ ಕನ್ನಡ ಸಭೆ ಭಾನುವಾರ ಮಧ್ಯಾಹ್ನಕ್ಕೆಂದು ಬಾಡಿಗೆ ಹಿಡಿದಿತ್ತು. ಗದಗಿನ ಕಡೆಯ ಈ ಅಕ್ಕ ನರ್ಸ್ ಆಗಿದ್ದ ಮಗಳೊಂದಿಗೆ ಇಲ್ಲಿದ್ದರು. ಯಾರೂ ನೇಮಿಸದೆಯೇ ಆ ಹಾಲ್‌ನ ಬಾಗಿಲಲ್ಲಿ ನಿಲ್ಲತೊಡಗಿದರು. ಗೀತೆಗಳ ಪುಸ್ತಕ ಕೈಗಿಟ್ಟು "ಬರ್ರಿ, ಒಳಗ ಕೂಡ್ರಿ" ಎನ್ನುವರು. ತಡವಾಗಿ ಬಂದವರಿಗೂ ಅದೇ ಮಾತು, ಅದೇ ದನಿ. ಆರಾಧನೆ ಶುರುವಾದ ಸ್ವಲ್ಪ ಹೊತ್ತಿಗೆ ಬಾಗಿಲು ಮುಚ್ಚಬೇಕೆಂದು ನಾನು ನಿಯಮ ಮಾಡಿದ್ದೆ. ಅವರು ಬಾಗಿಲಿನ ಸಂದಿಗೆ ತಮ್ಮ ಚಪ್ಪಲಿ ಸಿಕ್ಕಿಸಿ ನಿಯಮವನ್ನು ಮುಗಿಸಿದರು. ಇಲ್ಲಿ ಹುಟ್ಟಿದ ಮಕ್ಕಳಿಗೆ ಅವರು ಡೋರ್ ಆಂಟಿ.

ನಾನು ಬೋರ್ಡಿಂಗ್ ಶಾಲೆಯಲ್ಲಿ ಬೆಳೆದವಳು. ಏಳುವುದಕ್ಕೆ ಗಂಟೆ, ಉಣ್ಣುವುದಕ್ಕೆ ಗಂಟೆ, ಪ್ರಾರ್ಥನೆಗೆ ಗಂಟೆ. ಮುಂದೆ ಇಲ್ಲಿನ ಶಾಲೆಯೊಂದರ ಕಚೇರಿಯಲ್ಲಿ ನಿವೃತ್ತಿಯವರೆಗೆ ದುಡಿದದ್ದೂ ಗಂಟೆಯ ಪ್ರಕಾರವೇ. ಸಾಂಕ್ರಾಮಿಕ ಬಂದು ಹಾಲ್ ಮುಚ್ಚಿದಾಗ ಆನ್‌ಲೈನ್ ಆರಾಧನೆಯ ಕ್ರಮ ಸಿದ್ಧಪಡಿಸುವ ಕೆಲಸ ಸಹಜವಾಗಿ ನನ್ನ ಪಾಲಿಗೆ ಬಂತು. ಒಂದು ಗಂಟೆಯೊಳಗೆ ಎಲ್ಲ ಮುಗಿಯುವ ಹಾಗೆ ಅಚ್ಚುಕಟ್ಟಾಗಿ ಮಾಡಿದೆ. ಬಾಗಿಲಕ್ಕ ಕೆಡಿಸಿದರು.

ಯಾರಾದರೂ ಹೊಸದಾಗಿ ಸೇರಿಕೊಂಡಾಗ ಫೋನಿನಲ್ಲಿ ಟಿಣ್ ಎಂದು ಸದ್ದಾಗುತ್ತಿತ್ತು. ಅವರ ಪಾಲಿಗೆ ಅದು ಬಾಗಿಲು ತೆರೆದ ಸದ್ದು. ಅಯ್ಯನವರು ಪಾಪನಿವೇದನೆ ನಡೆಸುತ್ತಿರಲಿ, ವಾಕ್ಯ ಓದುತ್ತಿರಲಿ, "ಬರ್ರಿ, ಬರ್ರಿ. ಯಾರ್ರಿ ಅವ್ರು? ಕೂಸಿನ ನೆಗಡಿ ಹೋತೇನ್ರಿ?" ಎಂದು ಶುರು. ನಾನು ಅವರನ್ನು ಮ್ಯೂಟ್ ಮಾಡಿದೆ. ಮರುಕ್ಷಣವೇ ಅವರ ಮನೆಯ ಇನ್ನೊಂದು ಫೋನಿನಿಂದ ನನ್ನ ಅಡುಗೆಮನೆಗೆ ಕರೆ. ಎಲ್ಲರೂ ಕರ್ತನ ಪ್ರಾರ್ಥನೆ ಹೇಳುತ್ತಿದ್ದರು. ನನ್ನ ಫೋನು ಬಡಿದುಕೊಂಡದ್ದು ಸಭೆಗೆಲ್ಲ ಕೇಳಿಸಿತು.

"ಬಾಯಾರ, ನನ್ನ ಮೊಬೈಲ್ ಕೆಟ್ಟೈತಿ ನೋಡ್ರಿ. ಎಷ್ಟ ಕರದ್ರೂ ಯಾರೂ ಓ ಅನವಲ್ರು."

ಇದನ್ನೂ ಸಹಿಸಬಹುದಿತ್ತು. ಸಮಾಧಾನದ ವಿಷಯ ಹಾಗಲ್ಲ.

ನಮ್ಮ ಆರಾಧನೆಯಲ್ಲಿ ಸಮಾಧಾನ ಕೊಡುವ ಪದ್ಧತಿಯಿದೆ. ಅಯ್ಯನವರು ಮುಂದಿನ ಬೆಂಚಿನಲ್ಲಿರುವ ಒಬ್ಬರ ಜೋಡಿಸಿದ ಕೈಗಳನ್ನು ತಮ್ಮ ಅಂಗೈಗಳ ನಡುವೆ ಹಿಡಿದು "ದೇವರ ಸಮಾಧಾನ ನಿಮಗಿರಲಿ" ಎನ್ನುತ್ತಾರೆ. ಅವರು "ನಿಮಗೂ ಇರಲಿ" ಎಂದು ಹೇಳಿ, ತಿರುಗಿ ಪಕ್ಕದವರಿಗೆ ಅದನ್ನೇ ಕೊಡುತ್ತಾರೆ. ಹೀಗೆ ಕೈಯಿಂದ ಕೈಗೆ, ಬೆಂಚಿನಿಂದ ಬೆಂಚಿಗೆ ದಾಟುತ್ತ ಅದು ಬಾಗಿಲಲ್ಲಿ ನಿಂತವರನ್ನು ತಲುಪುತ್ತದೆ. ಕೈ ಮುಟ್ಟುವುದೇ ಅಪಾಯವಾದ ಕಾಲದಲ್ಲಿ ನಾನು ಅದನ್ನು ತೆಗೆದುಹಾಕಿ, ಆ ಜಾಗದಲ್ಲಿ "ಎಲ್ಲರೂ ಕೈ ಬೀಸುವುದು" ಎಂದು ಬರೆದಿದ್ದೆ.

ಆರಾಧನೆ ಮುಗಿದ ಕೂಡಲೇ ಕರೆ ಬಂತು.

"ಕೈ ಬೀಸೂದು ರೇಲ್ವೆ ಸ್ಟೇಷನ್ನ್ಯಾಗ್ರಿ. ಹೋಗಾವ್ರಿಗೆ ಬೀಸ್ತಾರ. ನಾವೇನ್ ಎಲ್ಲಿಗರೆ ಹೊಂಟೇವೇನ್?"

"ಮತ್ತೇನು ಮಾಡೋಣ ಅಕ್ಕಾ? ಕೈ ಹಿಡಿಯೋ ಹಾಗಿಲ್ಲ."

"ಬಾಯಿ ಐತೆಲ್ರಿ. ಫೋನ್ ಐತಿ. ಅಯ್ಯನವ್ರು ಮುಂದಿನ ಬೆಂಚಿಗೆ ಫೋನ್ ಮಾಡ್ಲಿ. ಅವ್ರು ಬಾಜೂದವ್ರಿಗೆ ಮಾಡ್ಲಿ. ಕಡೀಕ ನನಗ ಬರಲಿ."

ಅಯ್ಯನವರು ಮೃದು ಮನುಷ್ಯ, ಒಪ್ಪಿಬಿಟ್ಟರು. ಯಾರ ಪಕ್ಕ ಯಾರು ಕೂರುತ್ತಿದ್ದರು ಎಂಬುದು ಬಾಗಿಲಕ್ಕನಿಗೆ ಬಾಯಿಪಾಠ. ಕರೆಗಳು ಅದೇ ಕ್ರಮದಲ್ಲಿ ಹೋಗಬೇಕು. ಮೆಸೇಜ್ ನಡೆಯದು, ವಾಯ್ಸ್‌ಮೇಲ್ ನಡೆಯದು. ದನಿಯಲ್ಲಿ ಕೊಡಬೇಕು, ದನಿಯಲ್ಲೇ ಉತ್ತರ ಕೇಳಿಸಿಕೊಳ್ಳಬೇಕು. ಹಾಲ್‌ನಲ್ಲಿ ಒಂದು ಗೀತೆ ಹಾಡುವುದರೊಳಗೆ ಮುಗಿಯುತ್ತಿದ್ದ ಸಮಾಧಾನ ಈಗ ಭಾನುವಾರ ಪೂರ್ತಿ ಅಲೆಯತೊಡಗಿತು. ಒಬ್ಬರು ವಾಕಿಂಗ್ ಹೋಗಿರುತ್ತಾರೆ, ಇನ್ನೊಬ್ಬರ ಫೋನು ಮಕ್ಕಳ ಕೈಯಲ್ಲಿ. ಒಬ್ಬರಂತೂ ಸಮಾಧಾನ ತೆಗೆದುಕೊಂಡು ಮಲಗಿಯೇಬಿಟ್ಟರು. ಎಷ್ಟೋ ಹಿಂದೆ ಜಾರ್ಜಿಯಾದ ಅಲ್ಫರೆಟಾಕ್ಕೆ ಮನೆ ಬದಲಿಸಿದ್ದ ಕುಟುಂಬವೊಂದು ಆರಾಧನೆ ಆನ್‌ಲೈನ್ ಆದ ಮೇಲೆ ಮರಳಿ ಸೇರಿಕೊಂಡಿತು. ನನ್ನನ್ನು ಕೇಳದೆಯೇ ಅಕ್ಕ ಅವರನ್ನು ಅವರ ಹಳೆಯ ಬೆಂಚಿನಲ್ಲಿ ಕೂರಿಸಿದರು, ನಾನು ಬರೆದಿಟ್ಟ ಕ್ರಮವೆಲ್ಲ ತಲೆಕೆಳಗಾಯಿತು. ಕರೆ ಎಲ್ಲಾದರೂ ನಿಂತರೆ ಅಕ್ಕ ಹಿಂದಿನ ಬೆಂಚಿನಿಂದ ಒಬ್ಬೊಬ್ಬರಿಗೂ ಫೋನು ಹಚ್ಚುತ್ತ, "ಸಮಾಧಾನ ನಿಮ್ಮ ಹಂತ್ಯಾಕ ಕುಂತೈತೇನ್ರಿ?" ಎಂದು ವಿಚಾರಿಸುತ್ತ ಬರುವರು, ತಪ್ಪಿಸಿಕೊಂಡ ಎಮ್ಮೆ ಹುಡುಕುವವರಂತೆ.

ಎಮ್ಮೆ ಪ್ರತಿ ಸಲ ಸಿಗುತ್ತಿದ್ದದ್ದು ನನ್ನ ಪಕ್ಕದಲ್ಲೇ.

ಹಾಲ್‌ನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ಹುಬ್ಬಳ್ಳಿಯ ಒಬ್ಬ ಯುವಕ. ಕೆಲಸದ ವೀಸಾ ಮೇಲೆ ಬಂದವನು. ಹೆರಿಗೆಗೆಂದು ಊರಿಗೆ ಹೋದ ಅವನ ಹೆಂಡತಿ, ಕಾನ್ಸುಲೇಟ್ ಮುಚ್ಚಿ ವೀಸಾ ಮುದ್ರೆ ಸಿಗದೆ, ಎಳೆಮಗುವಿನೊಂದಿಗೆ ಅಲ್ಲೇ ಉಳಿದಿದ್ದಳು. ಇವನು ಆ ವರ್ಷದ ಆರಂಭದಲ್ಲಿ ಹೊಸ ಕೆಲಸ ಹಿಡಿದು ನಾರ್ತ್ ಕೆರೊಲಿನಾದ ಷಾರ್ಲೆಟ್‌ನ ಬ್ಯಾಲಂಟೈನ್‌ಗೆ ಹೋಗಿ, ಅಪಾರ್ಟ್‌ಮೆಂಟಿನಲ್ಲಿ ಒಬ್ಬನೇ ಇದ್ದ. ಮೊದಲು ಕೆಲವು ವಾರ ಫೋನು ಎತ್ತಿದ. ಆಮೇಲೆ ಎತ್ತುವುದನ್ನೇ ಬಿಟ್ಟ, ಆರಾಧನೆಗೂ ಬರಲಿಲ್ಲ. ಭಾನುವಾರ ಬಂತೆಂದರೆ ನಾನು ಊಟದ ತಟ್ಟೆ ಮುಂದಿಟ್ಟುಕೊಂಡು ಅವನ ನಂಬರ್ ಒತ್ತುತ್ತ ಕೂರಬೇಕು. ಜುಲೈ ಹೊತ್ತಿಗೆ ನನಗೆ ಸಾಕಾಗಿಹೋಯಿತು.

"ಅಕ್ಕಾ, ಇನ್ಮೇಲೆ ಅವನನ್ನ ಬಿಟ್ಟು ಮುಂದಿನವರಿಗೆ ಕೊಡ್ತೀನಿ. ಅವನಿಗೆ ಇಷ್ಟ ಇಲ್ಲ ಅಂತ ಕಾಣುತ್ತೆ."

"ಕೂತಾವನ್ನ ಬೆಂಚಿಂದ ಎಬ್ಬಸ್ತೀರೇನ್ರಿ?"

"ಕೂತಿಲ್ವಲ್ಲ ಅಕ್ಕಾ, ಅದೇ ತಾಪತ್ರಯ."

"ಆ ಹುಡುಗ ನನ್ನ ನೋಡಿ ನಗಲಾರದ ಎಂದೂ ಒಳಗ ಹೋಗಿಲ್ರಿ. ಏನೋ ಆಗೇತಿ. ಆ ಊರಾಗ ನಮ್ಮವ್ರು ಯಾರದಾರ?"

"ನಮ್ಮ ಸಭೆಯವರು ಒಬ್ಬರೂ ಇಲ್ಲ."

"ಸಭೆಯವ್ರನ್ನ ಯಾರ್ ಕೇಳಿದ್ರು? ಕನ್ನಡದವ್ರು ಒಬ್ಬರೂ ಇಲ್ಲೇನ್ರಿ?"

ಅಂದು ಮಧ್ಯಾಹ್ನವೆಲ್ಲ ಅವರ ಫೋನು ಬಿಡುವಾಗಲಿಲ್ಲ. ಮಗಳ ಜೊತೆ ಕೆಲಸ ಮಾಡುವವರ ತಂಗಿ, ಆ ತಂಗಿಯ ಗೆಳತಿ ಎಂದು ಹಿಡಿದು ಹಿಡಿದು, ಕೊನೆಗೆ ಬ್ಯಾಲಂಟೈನ್‌ನಲ್ಲೇ ಇದ್ದ ಮೈಸೂರಿನ ಒಬ್ಬ ಹೆಂಗಸನ್ನು ಪತ್ತೆ ಮಾಡಿದರು. ನಮ್ಮಲ್ಲಿ ಯಾರೂ ಆಕೆಯನ್ನು ಕಂಡವರಲ್ಲ. ಆಕೆಯೇ ಆಮೇಲೆ ನನಗೆ ಹೇಳಿದರು: "ಯಾರೋ ಫೋನ್ ಮಾಡಿ, 'ನಾ ಬಾಗಲದಾಗ ನಿಂದ್ರಾಕಿ, ನಮ್ಮ ಹುಡುಗನ ಬಾಗಲಾ ಒಂದೀಟ ಬಡೀರಿ' ಅಂದ್ರು ಮೇಡಂ. ರಾಂಗ್ ನಂಬರ್ ಅಂದ್ಕೊಂಡೆ."

ಆದರೂ ಹೋದರು. ಮಾಸ್ಕ್ ಹಾಕಿಕೊಂಡು, ಮೊಸರನ್ನದ ಡಬ್ಬಿ ಹಿಡಿದು, ಗಂಡನನ್ನು ಕಾರಿನಲ್ಲೇ ಕೂರಿಸಿ. ಹೇಳಬೇಕಾದ ಸಮಾಧಾನದ ಮಾತನ್ನು ಅಕ್ಕ ಮೊದಲೇ ಕಲಿಸಿದ್ದರು. ಆಕೆಗೆ ಅನುಮಾನ.

"ನಾವು ಹೇಳಿದ್ರೆ ನಡೆಯುತ್ತಾ ಅಮ್ಮಾ? ನಾವು ಮನೇಲಿ ಪೂಜೆ ಮಾಡೋರು."

"ಡಬ್ಬಿ ಫೋನ್ ಹೇಳಿದ್ರ ನಡೀತೈತಿ, ನೀವ್ ಮನಷ್ಯಾರು ಹೇಳಿದ್ರ ನಡ್ಯಂಗಿಲ್ಲೇನ್ರಿ?"

ಬಹಳ ಹೊತ್ತು ಬಡಿದ ಮೇಲೆ ಅವನು ಬಾಗಿಲು ತೆರೆದನಂತೆ. ಒಳಗೆ ಕತ್ತಲೆ, ಮುಖದ ತುಂಬ ಗಡ್ಡ. ಮೇ ತಿಂಗಳ ಕೊನೆಗೇ ಕೆಲಸ ಹೋಗಿತ್ತು. ಕೆಲಸ ಹೋದರೆ ವೀಸಾದವರಿಗೆ ಬೇರೆ ಕೆಲಸ ಹಿಡಿಯಲು, ಇಲ್ಲವೇ ದೇಶ ಬಿಡಲು ಎರಡು ತಿಂಗಳ ಗಡುವು, ಅದು ಮುಗಿಯುತ್ತ ಬಂದಿತ್ತು. ಹೆಂಡತಿಗೂ ಹೇಳಿರಲಿಲ್ಲ. ಮೈಸೂರಿನಾಕೆ ತಮ್ಮ ಫೋನನ್ನು ಸ್ಪೀಕರ್‌ಗೆ ಹಾಕಿ ಹೊಸ್ತಿಲ ಮೇಲಿಟ್ಟು ದೂರ ನಿಂತರು. ಅಕ್ಕ ಮಗಳ ಕೈಯಲ್ಲಿ ಹೇಗೋ ಮಾಡಿಸಿ ನನ್ನನ್ನೂ ಆ ಕರೆಗೆ ಸೇರಿಸಿದ್ದರು. "ಬಾಜೂದಾಕಿ ನೀವು, ಸುಮ್ಮನ ಕೇಳ್ರಿ," ಎಂದಿದ್ದರು.

"ಯಾಕೋ ತಮ್ಮಾ, ಫೋನ್ ಎತ್ತಲಿಲ್ಲ?"

ಅವನು ಫೋನಿನ ಹತ್ತಿರಕ್ಕೆ ಬಂದು ಕೂತ ಸದ್ದಾಯಿತು.

"ಎತ್ತಿದ್ರ 'ನಿಮಗೂ ಇರಲಿ' ಅನಬೇಕಲ್ರಿ ಅಕ್ಕಾ. ನನ್ನ ಕಡೆನ ಸಮಾಧಾನ ಇರಲಿಲ್ಲ. ಇಲ್ಲದ್ದನ್ನ ಹೆಂಗ ಕೊಡ್ಲಿ? ದೇವರ ಮಾತಿನಾಗ ಸುಳ್ಳು ಹೆಂಗ ಹೇಳ್ಲಿ?"

"ಹುಚ್ಚಪ್ಪಾ, ನಿನ್ನ ಗಂಟಿನಾಗಿಂದ ಬಿಚ್ಚಿ ಕೊಡು ಅಂತ ಯಾರ್ ಅಂದ್ರು? ಅದು ನಿಂದಲ್ಲ. ಸೆಕ್ರೆಟರಿ ಬಾಯಾರದೂ ಅಲ್ಲ, ಅಯ್ಯನವ್ರದೂ ಅಲ್ಲ. ಮನಿ ಕಟ್ಟೂ ಮುಂದ ಇಟ್ಟಂಗಿ ದಾಟಸ್ತಾರಲ್ಲ, ಇಸ್ಕೊಳ್ಳೂದು, ಮುಂದ ಕೊಡೂದು. ನಡುವ ನಿಂತಾವ ಕೈ ಕಟಗೊಂಡ್ರ ಗೋಡಿ ಏಳೂದ ಹೆಂಗ?"

ಅವನು ಅತ್ತದ್ದು ಕೇಳಿಸಿತು. ಅಕ್ಕ ತಡೆಯಲಿಲ್ಲ. ಅತ್ತು ಮುಗಿದ ಮೇಲೆ, "ಬಾಯಾರ, ಕೊಡ್ರಿ," ಎಂದರು. ನಾನು ಕೊಟ್ಟೆ. ಅವನು ಉತ್ತರ ಹೇಳಿದ. ನಂತರ ತನ್ನ ಮುಂದಿನವರಿಗೆ ಫೋನು ಮಾಡಿದ. ನನ್ನ ತಟ್ಟೆಯ ಅನ್ನ ಅಷ್ಟರಲ್ಲಿ ಕಲ್ಲಾಗಿತ್ತು.

ಅವನು ಹೆಂಡತಿಗೆ ಎಲ್ಲ ಹೇಳಿದ. ವಿಶೇಷ ವಿಮಾನದಲ್ಲಿ ಊರಿಗೆ ಹೋಗಿ, ಮಗುವಿನ ಮುಖವನ್ನು ಮೊದಲ ಬಾರಿ ನೋಡಿ, ಹುಬ್ಬಳ್ಳಿಯಲ್ಲೇ ಕೆಲಸ ಹಿಡಿದ. ಆದರೆ ಬೆಂಚು ಬಿಡಲಿಲ್ಲ. ನಮ್ಮ ಭಾನುವಾರದ ಬೆಳಗು ಅವನಿಗೆ ಸಂಜೆ. ಕರೆ ನನ್ನಿಂದ ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ ಮರಳಿ ಮೇರಿಲ್ಯಾಂಡಿಗೆ. ಇಂಥ ಅಡ್ಡಾದಿಡ್ಡಿ ದಾರಿಯನ್ನು ಯಾವ ಶಿಸ್ತಿನ ಮನುಷ್ಯರೂ ಒಪ್ಪುವುದಿಲ್ಲ. ನಾನೂ ಒಪ್ಪಲಿಲ್ಲ, ಹಾಗೆಂದು ಸಭೆಯ ನಡಾವಳಿಯಲ್ಲಿ ಬರೆದೂ ಇಟ್ಟೆ.

ಆ ಶರತ್ಕಾಲದ ಸುಗ್ಗಿ ಹಬ್ಬದಲ್ಲೂ ಇದೇ ಗೋಳು. ಮನೆಮನೆಯ ಹಿತ್ತಲ ತರಕಾರಿಯನ್ನು ಪರದೆಯ ಮೇಲೆ ತೋರಿಸಿ ಹರಾಜು ಹಾಕಿದೆವು. ಅಕ್ಕ ಬೆಳೆದ ಕುಂಬಳಕಾಯಿಗೆ ಯಾರೂ ಕೂಗದೆ ಇದ್ದಾಗ ಅಕ್ಕನೇ ಕೂಗತೊಡಗಿದರು, ತಮ್ಮ ಮೇಲೆ ತಾವೇ ಏರಿಸುತ್ತ. "ಅಕ್ಕಾ, ಅದು ನಿಮ್ಮದೇ ಕಾಯಿ!" ಎಂದರೆ, "ಇದ್ರ ಏನಾತ್ರಿ? ಪಾಪ, ಒಂದ ಉಳಿದೈತಿ," ಎಂದರು.

ಹೇಗೋ ಹಾಲ್ ಮತ್ತೆ ತೆರೆಯಿತು. ಕೈಗಳು ಮತ್ತೆ ಕೈ ಹಿಡಿದವು. ಇನ್ನಾದರೂ ಫೋನಿನ ಕಾಟ ಮುಗಿಯಲಿ ಎಂದು ನಾನು ಸಭೆಯಲ್ಲಿ ಸೂಚನೆ ಮಂಡಿಸಿದೆ.

"ಹುಬ್ಬಳ್ಳಿಯಾವ ಈ ಬಾಗಲಾ ಹೆಂಗ ದಾಟಿ ಬರ್ತಾನ್ರಿ? ಅಲ್ಫರೆಟಾದವ್ರು?" ಎಂದು ಅಕ್ಕ ಕೇಳಿದರು. ಸೂಚನೆ ಬಿದ್ದುಹೋಯಿತು. ದೂರದವರಿಗಾಗಿ ಕರೆ ಮುಂದುವರಿಯಿತು, ನನ್ನ ಭಾನುವಾರದ ಊಟ ಆರುವುದೂ ಮುಂದುವರಿಯಿತು.

2023ರ ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ಅಕ್ಕನ ಮಗಳು ಫೋನು ಮಾಡಿದಳು. ಅಕ್ಕ ನಿದ್ದೆಯಲ್ಲೇ ತೀರಿಕೊಂಡಿದ್ದರು. ಹಿಂದಿನ ದಿನ ಊಟ ಮಾಡಿ, ಮೊಮ್ಮಗಳ ಜಡೆ ಹೆಣೆದು ಮಲಗಿದವರು. ನಾನು ಕೆಲಸಗಳನ್ನು ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸತೊಡಗಿದೆ: ಅಯ್ಯನವರು, ಸಮಾಧಿಯ ಜಾಗ, ಹಾಲ್‌ನ ಬಾಡಿಗೆ.

"ಸಭೆಯವರಿಗೆಲ್ಲ ಈಗಲೇ ಇಮೇಲ್ ಕಳಿಸ್ತೀನಮ್ಮ," ಎಂದೆ.

"ಬೇಡ ಆಂಟಿ," ಎಂದಳು. "ಅಮ್ಮ ಇಮೇಲ್‌ನಲ್ಲಿ ಹೋಗೋದು ಬೇಡ."

ಸರಿ, ಬೆಂಚಿನ ಕ್ರಮದಲ್ಲೇ ಹೋಗಲಿ ಎಂದು ಅಯ್ಯನವರಿಗೆ ತಿಳಿಸಿದೆ. ಅವರು ಮೊದಲ ಕರೆ ಮಾಡಿದರು. ಸುದ್ದಿ ನನ್ನ ಬೆಂಚಿಗೆ ಬಂದಾಗ ಹುಬ್ಬಳ್ಳಿಯಲ್ಲಿ ಕತ್ತಲಾಗುತ್ತಿತ್ತು. ಅವನು ಫೋನು ಎತ್ತಿದಾಗ ಹಿಂದೆ ಮಗು ಏನೋ ಹಟ ಮಾಡುತ್ತಿತ್ತು. ಹೇಳಿದೆ. ಅವನು ಮಗುವಿಗೆ "ಸುಮ್ಮನಿರು ಪುಟ್ಟಾ" ಎಂದ. ಆಮೇಲೆ, "ಮುಂದಿನವ್ರಿಗೆ ನಾ ಹೇಳ್ತೇನ್ರಿ ಆಂಟಿ," ಎಂದ.

ಅಂದು ಕರೆ ಎಲ್ಲೂ ನಿಲ್ಲಲಿಲ್ಲ. ಯಾರೂ ವಾಕಿಂಗ್ ಹೋಗಿರಲಿಲ್ಲ, ಯಾರೂ ಮಲಗಿರಲಿಲ್ಲ. ಮಧ್ಯಾಹ್ನಕ್ಕೆಲ್ಲ ಹಿಂದಿನ ಬೆಂಚು ಮುಟ್ಟಿತು. ಆ ಮನೆಯವರು, ಮುಂದೆ ಯಾರಿಗೆ ಮಾಡಬೇಕೆಂದು ತಿಳಿಯದೆ, ನನಗೆ ಮಾಡಿದರು.

ಅಷ್ಟರಲ್ಲಿ ಹುಬ್ಬಳ್ಳಿಯಿಂದ ಒಂದು ಮೆಸೇಜ್: ಬ್ಯಾಲಂಟೈನ್ ಮೇಡಂ ಅವರಿಗೆ ಹೇಳಲು ತನ್ನಿಂದ ಆಗಲಿಲ್ಲ, ದಯವಿಟ್ಟು ನೀವೇ ಹೇಳಿ. ಆಕೆ ನಮ್ಮ ಸಭೆಯವರಲ್ಲ, ನಮ್ಮ ಯಾವ ಬೆಂಚಿನಲ್ಲೂ ಕೂತವರಲ್ಲ. ಒಂದು ಸಲ ಮಾಡಿದ ಉಪಕಾರಕ್ಕೆ ಒಂದು ಮಾತು ತಿಳಿಸುವುದು ಮರ್ಯಾದೆ ಎಂದುಕೊಂಡು ಫೋನು ಮಾಡಿದೆ. ವಿಷಯ ಹೇಳಿದೆ.

"ಅಯ್ಯೋ ದೇವರೇ," ಎಂದರು. "ಹೋದ ಭಾನುವಾರ ಮಾತಾಡಿದ್ರಲ್ಲ ಮೇಡಂ."

"ಹೋದ ಭಾನುವಾರ?"

"ಪ್ರತಿ ಭಾನುವಾರ ಮಾಡ್ತಿದ್ರಲ್ಲ. ನಿಮ್ಮದೆಲ್ಲ ಮುಗಿದು ಅವರಿಗೆ ಬಂದ ಮೇಲೆ ನಂಗೆ ಕೊಡ್ತಿದ್ರು. ನಾನು ಪಕ್ಕದ ಮನೆ ಗುಜರಾತಿ ಅಜ್ಜಿಗೆ ಹೇಳ್ತಿದ್ದೆ. ಅವರು ಯಾರಿಗೋ ಹೇಳ್ತಿದ್ರು. ನಿಮಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ಎರಡೂವರೆ ವರ್ಷ ಕಾರ್ಯದರ್ಶಿಗೆ ಒಂದು ಮಾತು ತಿಳಿಸಿರಲಿಲ್ಲ. ಬಾಗಿಲಿಗೆ ಬಂದು ನಿಲ್ಲುತ್ತದೆ ಎಂದು ನಾವೆಲ್ಲ ತಿಳಿದದ್ದನ್ನು ಈ ಮಹಾತಾಯಿ ಸದ್ದಿಲ್ಲದೆ ಹೊರಗೆ ದಾಟಿಸುತ್ತಿದ್ದರು.

ಆಕೆ ಮೂಗು ಒರೆಸಿಕೊಂಡರು. "ನಾಳೆ ಭಾನುವಾರ ಅಲ್ವಾ ಮೇಡಂ. ಅಜ್ಜಿ ಕಾಯ್ತಾರೆ."

"ನಿಮಗೆ ಎಷ್ಟು ಗಂಟೆಗೆ ಅನುಕೂಲ?"

"ಗಂಟೆ ಅಂತ ಏನೂ ಇರಲಿಲ್ಲ. ಅವರು ಯಾವಾಗ ಅಂದ್ರೆ ಆವಾಗ."

"ನಾನು ನಾಲ್ಕು ಗಂಟೆಗೆ ಮಾಡ್ತೀನಿ," ಎಂದೆ. "ಫೋನ್ ಹತ್ತಿರ ಇಟ್ಕೊಂಡಿರಿ."

ಆಕೆಯ ಹೆಸರನ್ನೂ ನಂಬರನ್ನೂ ಕರೆಯ ಪಟ್ಟಿಯಲ್ಲಿ ಹಿಂದಿನ ಬೆಂಚಿನ ಕೆಳಗೆ ಬರೆದುಕೊಂಡೆ. ಅಜ್ಜಿಯ ಹೆಸರನ್ನೂ ಕೇಳಿ ಬರೆದುಕೊಂಡೆ. ಆಮೇಲೆ ಒಲೆ ಹಚ್ಚಿ ಸಾರು ಬಿಸಿಗಿಟ್ಟೆ.